ಮದ್ದೂ ಅಲ್ಲದ, ಮೇವೂ ಅಲ್ಲದ ಬಿಳಿ ಪುಡಿ

ಮಾನ್ಯರೇ,

ಜಾನುವಾರುಗಳ ಮೇವು, ಮದ್ದಿನ ಚೀಲಗಳ ಮೇಲೆ ಏನು ಬರೆಯಬೇಕು, ಏನು ಬರೆಯದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ತಾವಿದ್ದೀರಿ. ಏನೂ ಬರೆಯದ ಪ್ಲಾಸ್ಟಿಕ್ ಕವರಿನಲ್ಲಿ ಮಾರಿದ ಬಿಳಿ ಪುಡಿಯಿಂದಾಗಿ ನಮ್ಮ ಅತ್ತೆ ಜೀವಮಾನವೆಲ್ಲ ದುಡಿದ ಕೊಟ್ಟಿಗೆಗೆ ಕಾಲಿಡಲಾಗದಂತಾಗಿದ್ದಾರೆ. ನನ್ನ ದೂರು ಇಷ್ಟೇ. ಇದನ್ನು ತಮ್ಮ ಕಚೇರಿಗೆ ಬಂದು ಹೇಳಿದಾಗ ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಅತ್ತೆಯ ಹೆಸರು ಗಂಗಾಂಬಿಕೆ. ನಮ್ಮದು ದಂಡಿಗನಹಳ್ಳಿ ಹೋಬಳಿಯ ಒಂದು ಊರು. ರಕ್ತ ಹೀರುವ ಉಣ್ಣೆ ಹತ್ತಿದ ಕರುವಿಗೆ ಒಲೆಯ ಬೂದಿ ಸವರುವುದು ನಮ್ಮ ಕಡೆಯ ರೂಢಿ. ಅದನ್ನು ಹೇಗೆಂದರೆ ಹಾಗೆ ಸವರುವುದಿಲ್ಲ. ಹರಳು ಚುಚ್ಚಬಾರದೆಂದು ತೆಳುಬಟ್ಟೆಯಲ್ಲಿ ಸೋಸಿ, ಗಾಳಿಗೆ ಹಾರದಂತೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಬರಿಗೈಯಲ್ಲಿ ಕಿವಿಯ ಸಂದಿ ಬಿಡದೆ ಸವರಬೇಕು. ಗ್ಯಾಸ್ ಒಲೆ ಬಂದ ಮೇಲೆ ಬೂದಿಗೇ ಬರ ಬಂತು. ಆಗ ಚನ್ನರಾಯಪಟ್ಟಣದ ಅಂಗಡಿಯಲ್ಲಿ ಅತ್ತೆಗೆ ಡಯಾಟಮ್ ಮಣ್ಣಿನ ಪುಡಿ ಸಿಕ್ಕಿತು. ಎಂದೋ ನೀರಿನಲ್ಲಿ ಬದುಕಿದ್ದ, ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪು ಕೂಡಿ ಆದ ಮಣ್ಣು ಅದು. ಮೈಗೆ ಉದುರಿಸಿದರೆ ಉಣ್ಣೆ ಒಣಗಿ ಬೀಳುತ್ತದೆ, ಮೇವಿಗೆ ಬೆರೆಸಿದರೆ ಹೊಟ್ಟೆಹುಳ ಹೋಗುತ್ತದೆ, ಕೆಮಿಕಲ್ಲೇ ಇಲ್ಲ ಎಂದರು ಅಂಗಡಿಯ ಶಾಂತರಾಜು. ಮಣ್ಣಿನಿಂದ ಯಾರಿಗೆ ತಾನೇ ಕೇಡು? ಅತ್ತೆ ನಂಬಿದರು.

ಆ ಪುಡಿಗೂ ಅವರು ಬೂದಿಗೆ ಕೊಡುವ ಮರ್ಯಾದೆಯನ್ನೇ ಕೊಟ್ಟರು. ಮಾವನವರ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿದರು. "ದಿವ್ಯಾ, ಬಾಕ್ಲಾಕ್ಬುಡವ್ವ, ಗಾಳಿಗೆ ಎಲ್ಲಾ ಆರೋಯ್ತದೆ" ಎನ್ನುತ್ತಿದ್ದರು. ನಾನು ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದೆ. ಒಂದು ಮಳೆಗಾಲ, ಒಂದು ಚಳಿಗಾಲ ಹೀಗೇ ಕಳೆಯಿತು. ಹೊರಗೆ ಬರುವಾಗ ಅವರ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿರುತ್ತಿತ್ತು. "ಮೈಯೆಲ್ಲಾ ಈಬೂತಿ ಆಗ್ಯದೆ ನೋಡವ್ವ" ಎಂದು ನಗುತ್ತಿದ್ದರು. ನಗುವಿನ ಜೊತೆ ಕೆಮ್ಮು ಬರತೊಡಗಿತು. ಆಮೇಲೆ ಕೆಮ್ಮೊಂದೇ ಉಳಿಯಿತು.

ಮೊದಲೇ ಚಳಿಗೆ ಉಬ್ಬಸ ಬರುತ್ತಿದ್ದ ಎದೆಯನ್ನು ಈ ಧೂಳು ಇನ್ನಷ್ಟು ಕೆಡಿಸಿದೆ, ಇನ್ನು ಕೊಟ್ಟಿಗೆ, ಒಣಹುಲ್ಲು, ಹೊಗೆಯ ಹತ್ತಿರ ಸುಳಿಯಬಾರದು ಎಂದರು ಹಾಸನದ ಡಾಕ್ಟರು. ಪುಡಿಯೊಂದೇ ಕಾರಣವೆಂದು ಅವರು ಹೇಳಲಿಲ್ಲ. ತಾವು ಈ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತೀರೆಂದು ಗೊತ್ತಿದ್ದೂ ಬರೆದಿದ್ದೇನೆ.

ಅಂಗಡಿಗೆ ಹೋಗಿ ಆ ಪುಡಿ ಬಂದ ದೊಡ್ಡ ಚೀಲ ತೋರಿಸಿ ಎಂದೆ. ಅದರ ತಳದಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳಿದ್ದವು: ಫಿಲ್ಟರ್ ಬಳಕೆಗೆ ಮಾತ್ರ. ಶಾಂತರಾಜು ಕಂಗಾಲಾದರು. "ಎಲ್ಲಾ ಒಂದೇ ಮಣ್ಣು ಅನ್ಕೊಂಡಿದ್ದೆ ಕಣಕ್ಕ. ನಮ್ಮನೆ ಎಮ್ಮೆಗೂ ಇದ್ನೇ ಆಕ್ತಾ ಇವ್ನಿ" ಎಂದರು. ಬೈಯಲೆಂದು ಹೋದ ನಾನು, ಎಮ್ಮೆಗೆ ಇನ್ನು ಹಾಕಬೇಡಿ ಎಂದು ಹೇಳಿ ಬಂದೆ.

ಒಂದೇ ಮಣ್ಣಲ್ಲ, ಮಾನ್ಯರೇ. ಮೇವಿನ ದರ್ಜೆಯದು ಸುಡದ ಮಣ್ಣು. ಈಜುಕೊಳ, ಕಾರ್ಖಾನೆಗಳ ಫಿಲ್ಟರಿಗೆ ಹಾಕುವುದನ್ನು ಭಾರೀ ಶಾಖದಲ್ಲಿ ಸುಟ್ಟಿರುತ್ತಾರೆ. ಸುಟ್ಟಾಗ ಅದರ ಸಿಲಿಕಾ ಹರಳುಗಟ್ಟುತ್ತದೆ. ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಮನೆ ಮಾಡುತ್ತದೆ. ಮೇವಿನ ದರ್ಜೆಯದನ್ನೂ ಬಾಗಿಲು ತೆರೆದಿಟ್ಟು, ಮೂಗುಬಾಯಿ ಮುಚ್ಚಿಕೊಂಡೇ ಬಳಸಬೇಕು. ಹೊಟ್ಟೆಹುಳಕ್ಕೆ ಇದು ಮದ್ದೆನ್ನಲು ಗಟ್ಟಿ ಆಧಾರವೂ ಇಲ್ಲವೆಂದು ನಮ್ಮೂರಿಗೆ ಬರುವ ಪಶುವೈದ್ಯರು ಹೇಳಿದರು. ಇಷ್ಟು ಕಲಿಯಲು ನಮಗೆ ಅತ್ತೆಯ ಎದೆಯೇ ಬೇಕಾಯಿತು. ತಮಗೆ ಇನ್ನೂ ಯಾರದು ಬೇಕು?

ತಮ್ಮ ಕಚೇರಿಯಲ್ಲಿ ಸಿಕ್ಕ ಉತ್ತರವನ್ನೂ ಇಲ್ಲಿ ಬರೆಯುತ್ತೇನೆ. "ಅದು ಮದ್ದೂ ಅಲ್ಲ, ಮೇವೂ ಅಲ್ಲ ಕಣಮ್ಮ. ನಮ್ಮ ವ್ಯಾಪ್ತಿಗೆ ಬರಲ್ಲ." ಎಂಥ ಪುಣ್ಯವಂತ ಪುಡಿ! ಯಾವ ಮೇಜಿನ ಮೇಲೂ ನಿಲ್ಲದೆ, ಯಾರ ಸಹಿಯನ್ನೂ ಕಾಯದೆ ನೆಟ್ಟಗೆ ನಮ್ಮ ಕೊಟ್ಟಿಗೆಗೆ ಬಂದಿದೆ. ನಮ್ಮ ಅತ್ತೆಯ ಉಸಿರಾದರೂ ಯಾರ ವ್ಯಾಪ್ತಿಗೆ ಬರುತ್ತದೆ, ದಯವಿಟ್ಟು ತಿಳಿಸುತ್ತೀರಾ?

ನಮ್ಮ ಹಸು ತುಂಗೆ ಅತ್ತೆಯ ಕೈಗಲ್ಲದೆ ಹಾಲಿಳಿಸುವವಳಲ್ಲ. ಈಗ ನಾನು ಅವರ ಸೀರೆ ಉಟ್ಟುಕೊಂಡು ಹಾಲು ಕರೆಯಲು ಕೂರುತ್ತೇನೆ. ಅತ್ತೆ ಅಂಗಳದಾಚೆಯ ಕಲ್ಲಿನ ಮೇಲೆ ಕುಳಿತು, "ಬುಡವ್ವ ತುಂಗೆ, ಬುಡು ನನ್ ತಾಯಿ" ಎಂದು ಕೂಗುತ್ತಿರುತ್ತಾರೆ. ಆ ದನಿಗೆ ಅವಳು ಹಾಲಿಳಿಸುತ್ತಾಳೆ. ಕೆಮ್ಮು ಬಂದು ದನಿ ನಿಂತರೆ ಹಾಲೂ ನಿಲ್ಲುತ್ತದೆ. ಆಗ ತುಂಗೆ ಕತ್ತು ಹೊರಳಿಸಿ ಬಾಗಿಲನ್ನೇ ನೋಡುತ್ತಾಳೆ. ನನಗೆ ತಡೆಯಲಾಗುವುದಿಲ್ಲ. ಅತ್ತೆಗೆ ಕೇಳಬಾರದೆಂದು ಅವರದೇ ಸೆರಗನ್ನು ಕಚ್ಚಿಕೊಂಡು ಅಳುತ್ತೇನೆ.

ನಾನು ಪರಿಹಾರ ಕೇಳುತ್ತಿಲ್ಲ. ಈ ಪುಡಿಯನ್ನು ಬಿಡಿಯಾಗಿ ಕಟ್ಟಿ ಮಾರುವುದನ್ನು ನಿಲ್ಲಿಸಿ. ಸುಟ್ಟದ್ದೋ ಸುಡದ್ದೋ, ಮೇವಿಗೋ ಫಿಲ್ಟರಿಗೋ ಎಂಬುದನ್ನು ಪ್ರತಿ ಚೀಲದ ಮೇಲೂ ಕನ್ನಡದಲ್ಲಿ, ವಯಸ್ಸಾದವರ ಕಣ್ಣಿಗೂ ಕಾಣುವಷ್ಟು ದೊಡ್ಡದಾಗಿ ಬರೆಸಿ. ಇನ್ನೊಂದು ಕೆಲಸವೂ ಇದೆ. ಅದನ್ನು ತಾವೇ ಮಾಡಬೇಕು.

ಮೊನ್ನೆ ಅತ್ತೆ ಆ ಪಂಚೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ನಾನು ಅಷ್ಟು ನುಣ್ಣಗೆ ಸೋಸಿದ್ದೇ ತಪ್ಪಾಯ್ತೇನವ್ವ?"

ಇಲ್ಲ ಅತ್ತೆ ಅಂದೆ. ಅವರು ನಂಬಲಿಲ್ಲ. ತಾವು ಒಮ್ಮೆ ಬಂದು, ಅಂಗಳದಾಚೆಯ ಆ ಕಲ್ಲಿನ ಬಳಿ ನಿಂತು, ತಪ್ಪು ಯಾರದೆಂದು ಅವರಿಗೆ ಹೇಳಿ ಹೋಗಿ.

ಇಂತಿ,
ಅತ್ತೆಯ ಸೀರೆಯುಟ್ಟು ದಿನವೂ ಹಸುವಿಗೆ ಮೋಸ ಮಾಡುತ್ತಿರುವ ಸೊಸೆ,
ದಿವ್ಯಾ
ದಂಡಿಗನಹಳ್ಳಿ ಹೋಬಳಿ, ಚನ್ನರಾಯಪಟ್ಟಣ ತಾಲ್ಲೂಕು