ದೃಷ್ಟಿ ತೆಗೆದ ಕಾರು

ಗದಗ, ಫೆಬ್ರುವರಿ ೩೦, ೨೧೪೬

ನಮಗಿಂತ ಮೊದಲು ಬಾಳಿದವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ಫೆಬ್ರುವರಿಗೂ ಮೂವತ್ತನೆಯ ದಿನ ಸಿಕ್ಕಿದೆ. ನಿಮ್ಮ ವಿಶ್ವಾವಸು ಸಂವತ್ಸರ ಎರಡು ಸುತ್ತು ಹಾಕಿ ಮತ್ತೆ ಬಂದು, ಈಗ ಮುಗಿಯುತ್ತಲಿದೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ. ನಿಮ್ಮದೇ ಹಳೆಯ ಮಾತೊಂದು ನಮ್ಮಲ್ಲಿ ಹೇಗೆ ಬೇರೆ ಅರ್ಥಕ್ಕೆ ತಿರುಗಿತೆಂದು ಹೇಳುವುದಕ್ಕೇ ಈ ಕಾಗದ.

ನಿಮ್ಮ ಕಾರುಗಳಿಗೆ ಈಗಷ್ಟೇ ಕಣ್ಣು ಬರುತ್ತಿದೆಯೆಂದು ಓದಿದ್ದೇನೆ. ನೀವು ಅದನ್ನು ಸೆನ್ಸರ್ ಎನ್ನುತ್ತೀರಿ. ನಾವು ನೆಲಗಣ್ಣು ಎನ್ನುತ್ತೇವೆ. ಅದು ಬಂಪರಿನ ಕೆಳಗೆ ಕೂತು ಗಾಲಿಯ ಮುಂದಿನ ನೆಲವನ್ನು ನೋಡುವ, ಬಿಲ್ಲೆಯಷ್ಟು ಅಗಲದ ಗಾಜು. ಇಲ್ಲಿ ಯಾರ ಮನೆಯ ಮುಂದೆಯೂ ಕಾರು ನಿಲ್ಲುವುದಿಲ್ಲ. ಓಣಿಯ ತುದಿಯಲ್ಲಿ ಗಾಡಿಮನೆ ಇದೆ. ಗುಡ್ಡದ ಗಾಳಿಗಿರಣಿಗಳ ಕರೆಂಟು ಕುಡಿದು ಎಲ್ಲರ ಕಾರುಗಳೂ ಅಲ್ಲಿ ಮಲಗಿರುತ್ತವೆ, ಕರೆದಾಗ ತಾವೇ ಬಾಗಿಲಿಗೆ ಬರುತ್ತವೆ. ಒಳಗೆ ಯಾರೂ ಇರುವುದಿಲ್ಲ. ಓಣಿಯೇ ನಮಗೆ ಅಂಗಳ. ಸಂಡಿಗೆ ಒಣಗುವುದು ಅಲ್ಲಿ, ಮಕ್ಕಳು ಆಡುವುದು ಅಲ್ಲಿ. ಸಂಡಿಗೆಯ ಚಾಪೆ ಅಡ್ಡ ಬಂದರೆ ಕಾರು ನಿಂತು, ಹಿರಿಯರು ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡುತ್ತದೆ. ಯಾರಾದರೂ ಎದ್ದು ಬಂದು ಚಾಪೆ ಸರಿಸುತ್ತಾರೆ. ಇದೆಲ್ಲ ಆ ಗಾಜಿನ ಮೇಲಿನ ನಂಬಿಕೆಯಿಂದ ನಡೆದಿದೆ. ನಮ್ಮ ಮನೆಯಲ್ಲಿ ಅಕ್ಕ ಶಾಂಭವಿಯ ಮಗ ಓಂಕಾರ ಅಂಬೆಗಾಲಿಡುತ್ತಾನೆ. ಬಾಗಿಲು ತುಸು ತೆರೆದಿದ್ದರೆ ಸಾಕು, ಓಣಿಯಲ್ಲಿರುತ್ತಾನೆ.

ಹೊಸ ಕಾರನ್ನು ಹುಬ್ಬಳ್ಳಿಯ ಶೋರೂಮಿನಿಂದ ತಂದೆವು. ಕಾರು ಎಷ್ಟು ಬದಲಾದರೂ ಪೂಜೆ ಬದಲಾಗಿಲ್ಲ. ಹೊರಡುವ ಮೊದಲು ಶೋರೂಮಿನ ಅಂಗಳದಲ್ಲೇ ಅವ್ವ ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಕಾರು ಅಲುಗಲಿಲ್ಲ. ಹಣ್ಣನ್ನು ನೋಡಿ ಗಂಟಲು ಸರಿಮಾಡಿಕೊಂಡಿತು. ನೆರೆದವರೆಲ್ಲ ನಕ್ಕರು. "ಹೊಸಾ ಅಳಿಯನಗತೆ ಹೊಸ್ತಿಲದಾಗ ನಿಂತಬಿಟ್ಟೈತಿ ನೋಡ್ರಿ, ಆರತಿ ತಟ್ಟಿ ಹಿಡದ್ರಷ್ಟ ಒಳಗ ಬರತೈತಿ ಇದು" ಎಂದಳು ಅವ್ವ. ಶೋರೂಮಿನ ಮ್ಯಾನೇಜರ್ ಕೊಪ್ಪದ ಅವರೂ ನಕ್ಕು, ಒಳಗೆ ಬಾಗಿ, ಸ್ಟೀರಿಂಗಿನ ಕೆಳಗೆ ಏನನ್ನೋ ಒತ್ತಿದರು. "ಎಲ್ಲಾ ಪೂಜಾದಾಗೂ ಇದ ಹಾಡ್ರಿ ಅಮ್ಮಾರ. ದೃಷ್ಟಿ ತಗದೆ ನೋಡ್ರಿ, ಈಗ ಹೊಕ್ಕೈತಿ" ಎಂದರು. ಕಾರು ಮುಂದೆ ಸರಿಯಿತು. ಹಣ್ಣು ಪಚಕ್ಕೆಂದು ಒಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಕೆಲವು ದಿನಗಳ ಮೇಲೆ ಅವ್ವ ಸಂತೆಗೆಂದು ಕಾರು ಕರೆದಳು. ಅದು ಬಂತು. ಓಂಕಾರನ ಸ್ಟೀಲ್ ಬಟ್ಟಲು ಓಣಿಯಲ್ಲಿ ಉರುಳಿತ್ತು. ಕಾರು ನಿಲ್ಲಲಿಲ್ಲ, ಸದ್ದೂ ಮಾಡಲಿಲ್ಲ, ಬಟ್ಟಲಿನ ಮೇಲೆ ಹಾದು ಬಂದು ಬಾಗಿಲ ಮುಂದೆ ವಿನಯದಿಂದ ನಿಂತಿತು. ಬಟ್ಟಲಿನ ಹಿಂದೆಯೇ ಹೊರಟಿದ್ದ ಮಗುವನ್ನು ಅಕ್ಕ ಹೊಸ್ತಿಲಲ್ಲಿ ಹಿಡಿದುಕೊಂಡಿದ್ದಳು. ಚಪ್ಪಟೆಯಾದ ಬಟ್ಟಲನ್ನು ಅವಳು ಬಹಳ ಹೊತ್ತು ಕೈಯಲ್ಲಿ ಹಿಡಿದೇ ಇದ್ದಳು.

ಅಂದಿನಿಂದ ಬಾಗಿಲಿಗೆ ಅಗಳಿ ಬಿತ್ತು. ನಾನೂ ಅವ್ವನೂ ಕಾರನ್ನು ಹುಬ್ಬಳ್ಳಿಗೆ ಒಯ್ದೆವು. ನಮ್ಮ ಕಾಲದ ಶೋರೂಮುಗಳಲ್ಲಿ ಸಾಕ್ಷಿಗೋಡೆ ಇರುತ್ತದೆ. ಅದರ ಮುಂದೆ ಆಡಿದ ಮಾತು ಕೋರ್ಟಿನಲ್ಲಿ ನಿಲ್ಲುತ್ತದೆ. ಹಾಗಾಗಿ ಅಲ್ಲಿನವರು 'ದೋಷ' ಎಂಬ ಶಬ್ದವನ್ನು ಬಾಯಿಗೆ ತರುವುದೇ ಇಲ್ಲ. ಕೊಪ್ಪದ ಅವರು ಚಹಾ ತರಿಸಿದರು, ಆಳೆತ್ತರದ ಗೊಂಬೆಯೊಂದನ್ನು ಕಾರಿನ ಮುಂದೆ ನಿಲ್ಲಿಸಿದರು. ಕಾರು ನಿಂತಿತು. "ಗಾಡಿ ನೋಡತೈತ್ರಿ" ಎಂದರು. ಅವ್ವ, "ಮನಷ್ಯಾರನ್ನ ನೋಡತೈತಿ, ಬಟ್ಟಲಾ ಯಾಕ ಕಾಣೂದಿಲ್ಲ?" ಎಂದು ಕೇಳಿದಳು. ಅವರು ಮತ್ತೆ, "ನೋಡತೈತ್ರಿ ಅಮ್ಮಾರ" ಎಂದರು. ನೋಡುವುದು ಬೇರೆ, ಕಾಣುವುದು ಬೇರೆ. ಅವ್ವ ಎಷ್ಟು ಬಗೆಯಲ್ಲಿ ಕೇಳಿದರೂ ಆ ಮನುಷ್ಯ 'ಕಾಣತೈತಿ' ಎನ್ನಲಿಲ್ಲ. ಹೊಲದ ಬದುವಿನ ಮೇಲೆ ನಡೆಯುವವರಂತೆ ಎರಡು ಶಬ್ದಗಳ ನಡುವೆ ನಡೆಯುತ್ತಿದ್ದಾರೆ ಎನ್ನಿಸಿತು. ನನ್ನ ಗುಮಾನಿ ಅಲ್ಲಿಂದ ಶುರುವಾಯಿತು.

ಎರಡನೆಯ ಸಲ ಹೋದಾಗ ತಪ್ಪನ್ನು ಕುಂಕುಮದ ಮೇಲೆ ಹಾಕಿದರು. "ಅಮ್ಮಾರು ಭಕ್ತಿ ಜಾಸ್ತಿ ಮಾಡ್ಯಾರ್ರಿ, ಗಾಜಿನ ಮ್ಯಾಲ ಬಣ್ಣಾ ಕುಂತೈತಿ." ಅವ್ವನ ಮುಖ ಕೆಂಪಾಯಿತು. "ನಮ್ಮ ಮನಿ ದೇವರಿಗೂ ದಿನಾ ಹಚ್ಚತೇನಪಾ, ಆಕಿಗೇನು ಕಣ್ಣ ಹೋಗ್ಯಾವನು?" ಎಂದಳು. ಗಾಜು ಒರೆಸಿ ಕಳಿಸಿದರು. ಮನೆಗೆ ಬಂದ ಕಾರು ಓಣಿಯಲ್ಲಿದ್ದ ತೆಂಗಿನ ಚಿಪ್ಪನ್ನು ಪುಡಿ ಮಾಡಿತು. ಬೀಗರಿಗೂ ನೆರೆಯವರಿಗೂ ನಮ್ಮ ಗೊಣಗಾಟ ತಮಾಷೆಯಾಯಿತು. ನಮ್ಮ ಮನೆಯೊಳಗೆ ಮಾತ್ರ ಓಂಕಾರ ಅಗಳಿ ಹಾಕಿದ ಬಾಗಿಲನ್ನು ಅಂಗೈಯಿಂದ ಬಡಿಯುತ್ತಿದ್ದ.

ಹಾಗೆ ಅತ್ತೂ ಅತ್ತೂ ಜ್ವರ ಬಂದಂತಾದ ಮಗುವಿಗೆ ಒಂದು ಸಂಜೆ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. "ಬಾ ನಮ್ಮಪ್ಪಾ, ದೃಷ್ಟಿ ತಗೀತೇನಿ" ಎಂದಳು. ಹುಟ್ಟಿದಾಗಿನಿಂದ ಕೇಳಿದ ಮಾತು. ಅಂದು ಅದು ನನಗೆ ಎರಡು ಹೋಳಾಗಿ ಕೇಳಿಸಿತು. ದೃಷ್ಟಿ ತೆಗೆಯುವುದೆಂದರೆ ಬೇರೆಯವರ ಕೆಟ್ಟ ನೋಟವನ್ನು ನಿವಾಳಿಸಿ ಎಸೆಯುವುದು. ಕಣ್ಣಿದ್ದವರ ಕಣ್ಣನ್ನೇ ಕಿತ್ತುಕೊಳ್ಳುವುದಕ್ಕೂ ಅದೇ ಮಾತು ಸಾಕು. ಪೂಜೆಯ ದಿನ ಅಂಗಳದಲ್ಲಿ, ಸಾಕ್ಷಿಗೋಡೆಯಿಂದ ದೂರ, ಕೊಪ್ಪದ ಅವರು ನಗುತ್ತ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನೆಲದ ಮೇಲಿನ ಸಣ್ಣದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಅವರು ಕಾರಿಗೆ ಹೇಳಿದ್ದರು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಮೂರನೆಯ ಸಲ ಹೋಗುವಾಗ ಚೀಲದಲ್ಲಿ ನಿಂಬೆಹಣ್ಣು ಒಯ್ದೆ. ಶೋರೂಮಿನ ಅಂಗಳದಲ್ಲಿ ಹಾರ ಹಾಕಿದ ಹೊಸ ಕಾರುಗಳು, ಅವುಗಳ ಸುತ್ತ ಮನೆಮಂದಿ ನಿಂತಿದ್ದರು. ಕೊಪ್ಪದ ಅವರು "ಒಳಗ ಬರ್ರಿ, ಚಹಾ ಕುಡಿಯೂಣು" ಎಂದರು. ನಾನು ಒಳಗೆ ಹೋಗಲಿಲ್ಲ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲೆ ಒಂದು ಹಣ್ಣು ಇಟ್ಟೆ. ಪಕ್ಕಕ್ಕೆ ಸರಿದು ಕಾರನ್ನು ಕರೆದೆ. ಪಚಕ್ಕೆಂದಿತು. ಯಾರೋ ರೂಢಿಯಿಂದ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೊಪ್ಪದ ಅವರ ಮುಖವನ್ನೇ ನೋಡುತ್ತ, "ದೃಷ್ಟಿ ತಗದಿದ್ರೆಲಾ, ಅದನ್ನ ತಿರಗಿ ಕೊಡ್ರಿ" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರಿಗೆ ಕೇಳಿಸಿತ್ತು.

ಅವರು ಕಾರಿನ ಬಾಗಿಲು ತೆರೆದರು. ಒಳಗೆ ಬಾಗಿ ಆ ಗುಂಡಿಯನ್ನು ಮತ್ತೆ ಒತ್ತಿದರು. ನಾನು ಇನ್ನೊಂದು ಹಣ್ಣು ಇಟ್ಟೆ. ಕಾರು ನಿಂತಿತು, ಗಂಟಲು ಸರಿಮಾಡಿಕೊಂಡಿತು. ಆ ಸದ್ದಿಗೆ ಅವ್ವನ ಕಣ್ಣಲ್ಲಿ ನೀರು ಬಂತು. "ಮರತಿತ್ರಿ, ಗದ್ದಲದಾಗ" ಎಂದರು ಕೊಪ್ಪದ. ಮರೆತಿರಬಹುದು. ಹಣ್ಣಿಗೆ, ಎಲೆಗೆ, ಚಾಪೆಗೆಲ್ಲ ನಿಲ್ಲುವ ಕಾರಿನ ಮೇಲೆ ದೂರು ಬರುತ್ತದೆ, ಯಾವುದಕ್ಕೂ ನಿಲ್ಲದ ಕಾರಿನ ಮೇಲೆ ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತಿರಬಹುದು. ಎರಡರಲ್ಲಿ ಯಾವುದೆಂದು ನಾನು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ಸೊಂಟದ ಮೇಲೆ ಕೂಸನ್ನು ಹೊತ್ತ ಒಬ್ಬ ಹೆಂಗಸು. ಅವಳ ಕಾರಿನ ಪೂಜೆ ಆಗಲೇ ಮುಗಿದಿತ್ತು. "ತಂಗೀ, ಇನ್ನೊಂದು ಲಿಂಬಿಹಣ್ಣ ಐತೇನು?" ಎಂದಳು. ಬೇರೆ ಕಾರುಗಳ ಸುತ್ತ ನಿಂತಿದ್ದವರೂ ಕೈ ಚಾಚಿದರು. ಚೀಲದಲ್ಲಿದ್ದುದನ್ನೆಲ್ಲ ಹಂಚಿ ಬಂದೆ.

ಈಗ ಓಂಕಾರ ಓಣಿಗೆ ಹೋಗುತ್ತಾನೆ. ಕಾರು ಕರೆಯುವ ಮೊದಲು ನಾನು ಅದರ ದಾರಿಯಲ್ಲಿ ಒಂದು ನಿಂಬೆಹಣ್ಣು ಇಟ್ಟು, ಮಗುವನ್ನು ಎತ್ತಿಕೊಂಡು ಕಾಯುತ್ತೇನೆ. ಅದು ನಿಂತರೆ ಮಾತ್ರ ಮಗುವನ್ನು ಕೆಳಗಿಳಿಸುತ್ತೇನೆ. ನೆರೆಯವರು ನನಗೆ ದೈವಭಕ್ತಿ ಹೆಚ್ಚಾಗಿದೆ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ನಿಮ್ಮಲ್ಲಿ ಒಂದು ಬೇಡಿಕೆ. ಆ ಗುಂಡಿಯನ್ನು ನೀವಿನ್ನೂ ಮಾಡಿಲ್ಲವೆಂದು ನಂಬಿದ್ದೇನೆ. ಮುಂದೊಂದು ದಿನ ನಿಮ್ಮ ಹೊಸ ಕಾರು ಪೂಜೆಯ ನಿಂಬೆಹಣ್ಣಿನ ಮುಂದೆ ಹೆದರಿದಂತೆ ನಿಂತೀತು. ಮುಹೂರ್ತ ಮೀರುತ್ತಿರುತ್ತದೆ, ಜನ ನಗುತ್ತಿರುತ್ತಾರೆ, ಒಬ್ಬ ವಿನಯವಂತ ಮನುಷ್ಯ 'ಒಂದ ನಿಮಿಷ ತಡೀರಿ' ಎಂದು ಒಳಗೆ ಬಾಗಲು ಬರುತ್ತಾನೆ. ಅವನನ್ನು ತಡೆಯಿರಿ. ಬಾಗಿ, ಹಣ್ಣನ್ನು ನೀವೇ ಎತ್ತಿಕೊಳ್ಳಿ.

ನಿಮ್ಮ ಮರಿಮಕ್ಕಳ ಓಣಿಯಿಂದ,
ನೀಲಗಂಗಾ ಹೂಗಾರ