ಪಸ್ತಾ ಇಲ್ಲದ ಮಕಾಮ್

೨ ನವೆಂಬರ್ ೨೦೧೪, ಬೆಳಿಗ್ಗೆ

ಕರೆಂಟಿಲ್ಲ. ಬೀದಿಯ ಜನರೇಟರ್ ಗೊರಗುಟ್ಟುತ್ತಿದೆ. ಮಾವ ಹಾಸಿಗೆಯಿಂದಲೇ ತೀರ್ಪು ಕೊಟ್ಟರು: "ಸೀಗಾಹ್. ಸ್ವಲ್ಪ ಇಳಿದಿದೆ." ನಿನ್ನೆ ಕುಕ್ಕರ್ ಹಿಜಾಜ್ ಆಗಿತ್ತು. ನನ್ನ ಹೆಸರು ಮರೆತಿದ್ದಾರೆ, ಮಕಾಮ್‌ಗಳಲ್ಲಿ ಒಂದೇ ಒಂದು ರಾಗವನ್ನೂ ಮರೆತಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಯಾವುದಾದರೊಂದು ಮಕಾಮಿಗೆ ಸೇರಿಸದೆ ಅವರಿಗೆ ಚಹಾ ಇಳಿಯುವುದಿಲ್ಲ.

ಕರಿಬಾವುಟದವರು ಮೋಸುಲ್‌ಗೆ ಬಂದ ವಾರವೇ ಮಾವನ ತೆಂಗಿನ ಚಿಪ್ಪಿನ ಪಿಟೀಲನ್ನು ನಾನೇ ತಂದೂರಿಗೆ ಹಾಕಿದೆ. ಹಾಡಿದರೆ ಚಾಟಿ. ಕೆಲವರಿಗೆ ಚಾಟಿಯಲ್ಲೇ ಮುಗಿಯುವುದಿಲ್ಲ. ಹಿಂದಿನ ಬೀದಿಯ ಡೋಲಿನ ಸುಬ್ಹಿಯನ್ನು ಕರೆದೊಯ್ದರು, ಇನ್ನೂ ಬಂದಿಲ್ಲ.

೫ ನವೆಂಬರ್

ಬೀದಿಯ ಮಸೀದಿಯಲ್ಲಿ ಬಾಂಗು ಕೊಡುತ್ತಿದ್ದ ಮುದುಕ ಊರು ಬಿಟ್ಟ. ಬದಲಿಗೆ ಗಾನಿಮ್‌ನನ್ನು ಹಿಡಿದಿದ್ದಾರೆ—ನನ್ನ ಗಂಡನನ್ನು. ಒಳ್ಳೆ ಗಂಟಲು ಅಂತ ಯಾರೋ ಹೇಳಿದರಂತೆ. ಅದು ಮದುವೆ ಮನೆಗಳಲ್ಲಿ ಪಳಗಿದ ಗಂಟಲು ಅಂತ ಹೇಳಲಿಲ್ಲ, ಪುಣ್ಯ. ಬೀದಿಯವರಿಗೆಲ್ಲ ಗೊತ್ತು, ಬಾಯಿ ಬಿಟ್ಟಿಲ್ಲ. ಕರಿಬಾವುಟದವರ ಕಾವಲಿನ ಅಬು ಹಫ್ಸ್ ಹೊರಗಿನವನು, ಅವನಿಗೆ ಗೊತ್ತಿಲ್ಲ.

ಮಧ್ಯಾಹ್ನದ ಬಾಂಗು ಬಯಾತ್ ಮಕಾಮಿನಲ್ಲಿ ಬಂತು. ಕೊನೆಯ ಸಾಲು ಇಳಿದು ನಿಂತಿತು. ಮಾವ ಎದ್ದು ಕೂತು, ತೊಡೆ ತಟ್ಟಿ, ಪಸ್ತಾ ಎತ್ತಿಕೊಂಡರು. ದೊಡ್ಡ ದನಿಯಲ್ಲಿ.

ತಪ್ಪು ಅವರದಲ್ಲ. ಮಕಾಮ್ ಮುಗಿದರೆ ಹಿಂದೆಯೇ ಪಸ್ತಾ ಬರಬೇಕು—ಚಿಕ್ಕ ಹಾಡು, ಎಲ್ಲರೂ ಕೂಡಿ ಹಾಡುವುದು. ಅಪ್ಪ ಮಗ ಜೀವಮಾನವೆಲ್ಲ ಹಾಗೇ ಮುಗಿಸಿದವರು. ಬಾಯಿಗೆ ದಿಂಬು ಒತ್ತಿದೆ. ದೇವರೇ, ಮಾವನ ಬಾಯಿಗೆ ದಿಂಬು.

೬ ನವೆಂಬರ್

"ಮಕಾಮೇ ಇಲ್ದೆ ಕೂಗು" ಅಂದೆ. ಗಾನಿಮ್ ಸಪಾಟಾಗಿ ಕೂಗಿದ. ಇನ್ನೂ ಕೆಟ್ಟಿತು. ಮಾವ ಕೋಲು ಹಿಡಿದು ಮಹಡಿ ಮೆಟ್ಟಿಲು ಹತ್ತತೊಡಗಿದರು.

"ಯಾವ ಕತ್ತೆ ಅದು? ಯಾವ ಮಕಾಮ್ ಅಂತೆ, ಹೇಳು ತಾಯಿ."

"ನಿಮ್ಮ ಮಗಾನೇ ಮಾವ. ಮೆಲ್ಲಗೆ ಮಾತಾಡಿ."

"ನನ್ನ ಮಗನಾ? ಕಲ್ಸಿದ್ದೆಲ್ಲ ನೀರುಪಾಲಾಯ್ತು. ಬಿಡು ದಾರಿ, ಸರಿಯಾಗಿ ಹಾಡಿ ತೋರಿಸ್ತೀನಿ."

ಕಾಲು ಹಿಡಿದು ಇಳಿಸಿದೆ. 

೯ ನವೆಂಬರ್

ಸಬಾ. ಮೊದಲೇ ಹೊಳೆಯಬೇಕಿತ್ತು. ಅಳುವಿನ ಮಕಾಮ್. ಅತ್ತೆ ತೀರಿಕೊಂಡ ದಿನ ಮಾವ ಸಬಾ ಹಾಡಿ, ಇನ್ನು ಮೇಲೆ ಇದರ ಹಿಂದೆ ಪಸ್ತಾ ಇಲ್ಲ ಅಂದಿದ್ದರು. ಇವತ್ತು ಗಾನಿಮ್ ಸಬಾದಲ್ಲಿ ಕೂಗಿದ. ಮಾವ ಕಣ್ಣೊರೆಸಿಕೊಂಡರು, ಪಸ್ತಾ ಎತ್ತಲಿಲ್ಲ. ಇನ್ನು ಐದು ಹೊತ್ತೂ ಅಳಿಸಬೇಕು ಅವರನ್ನು. ಪಾಪ... ಆದರೆ ಬದುಕಿದ್ದೇವೆ.

೧೮ ಡಿಸೆಂಬರ್

ಬರೆಯಲು ಏನೂ ಇರಲಿಲ್ಲ. ಅದೇ ಸುಖ ಅಂದುಕೊಂಡಿದ್ದೆ.

ಇವತ್ತು ಅಬು ಹಫ್ಸ್ ಬಾಗಿಲಿಗೇ ಬಂದ. ಒಳಗಿನಿಂದ ಕೇಳಿಸಿಕೊಂಡೆ.

"ಏನಯ್ಯಾ, ದಿನಾ ಹೆಣ ಹೊತ್ತವನ ಹಾಗೆ ಕೂಗ್ತೀಯಲ್ಲ. ನಾವು ಬಂದಿದ್ದಕ್ಕೆ ಅಳ್ತಿದೀಯಾ?"

"ನನ್ನ ದನೀನೇ ಹಂಗೆ, ಶೇಖ್."

"ನಾಳೆ ಶುಕ್ರವಾರ, ದೊಡ್ಡೋರು ಬರ್ತಾರೆ. ಗೆಲುವಾಗಿ ಕೂಗು. ಇಲ್ದಿದ್ರೆ ಆ ದನೀನ ನಾನೇ ಸರಿ ಮಾಡ್ತೀನಿ."

ಗೆಲುವು ಅಂದರೆ ರಾಸ್ತ್ ಮಕಾಮ್. ರಾಸ್ತ್ ಅಂದರೆ ಮಾವನ ಪ್ರಾಣ. ಅದರ ಪಸ್ತಾ ಹಾಡದೆ ಅಪ್ಪ ಮಗ ಒಂದು ಮದುವೆಯನ್ನೂ ಮುಗಿಸಿದವರಲ್ಲ.

"ನನ್ನ ಬಾಯಿ ನಾನು ನೋಡ್ಕೋತೀನಿ, ಅಪ್ಪನ ಬಾಯಿ ನಿಂದು" ಅಂದ ಗಾನಿಮ್. ನಗಲು ನೋಡಿದ. ತುಟಿ ಒಣಗಿತ್ತು. ನನಗೆ ತುಂಬಾ ಭಯವಾಗುತ್ತಿದೆ.

೧೯ ಡಿಸೆಂಬರ್, ಶುಕ್ರವಾರ, ಮಧ್ಯಾಹ್ನ

ಕಿಟಕಿಗಳಿಗೆಲ್ಲ ಕಂಬಳಿ ಹೊಡೆದೆ. ಬಾಯಿ ತುಂಬಿರಲಿ ಅಂತ ಖರ್ಜೂರ ಕೊಟ್ಟೆ. ಮಾವ ಉಗುಳಿದರು. ಅವರ ಹಿಂದೆ ಕೂತಿದ್ದೇನೆ. ಎಡಗೈ ಅವರ ಬಾಯಿಯ ಮೇಲೆ, ಬಲಗೈಯಲ್ಲಿ ಪೆನ್ನು. ಬರೆಯದೆ ಕೂತರೆ ಈ ಹೊತ್ತು ಸರಿಯುವುದಿಲ್ಲ.

ಬೀದಿಯಲ್ಲಿ ಗಾಡಿಗಳು ನಿಂತವು.

ಬಾಂಗು ಶುರುವಾಯಿತು. ರಾಸ್ತ್. ಅವನ ಈ ದನಿ ಕೇಳಿ ಎಷ್ಟು ಕಾಲವಾಯಿತು... ಚೆನ್ನಾಗಿದೆ. ಅವನಿಗೂ ಗೊತ್ತಾಗಿದೆ, ಏರುತ್ತಿದ್ದಾನೆ—ಅಷ್ಟು ಏರಬೇಡ. ಮಾವನ ಬೆರಳುಗಳು ತೊಡೆಯ ಮೇಲೆ ತಾಳ ಹಿಡಿದಿವೆ. ಅಂಗೈಯಡಿ ತುಟಿ ಅಲುಗುತ್ತಿದೆ. ಗಟ್ಟಿಯಾಗಿ ಒತ್ತಿದೆ.

ಕೊನೆಯ ಸಾಲು. ಇಳಿಯುತ್ತಿದ್ದಾನೆ. ನಿಂತ.

ಮಾವ ಸುಮ್ಮನಿದ್ದಾರೆ. ಉಸಿರು ಬಿಟ್ಟೆ.

ಪಸ್ತಾ ಕೇಳಿಸುತ್ತಿದೆ. ಮೊದಲ ಸಾಲು. ಮಾವನ ಬಾಯಿ ನನ್ನ ಕೈಯಡಿಯಲ್ಲೇ ಇದೆ. ಇದು ಮಸೀದಿಯ ಮೈಕಿನಿಂದ... ಗಾನಿಮ್, ಬೇಡ—ಅವನ ಬಾಯಿಗೆ ಅಲ್ಲಿ ಯಾರು ಕೈ