ಬೆಳಗಿನ ಸಭೆ

ಕೆರೆ ರಕ್ಷಣೆಯ ಸಾಹೇಬರಿಗೆ, ನಿಮ್ಮ ಸಮಿತಿಯಲ್ಲಿ ಮೀನುಗಾರರ ಪರವಾಗಿ ಹೆಸರಿಗಷ್ಟೇ ಇರುವ ಹೆಂಗಸಿನ ನಮಸ್ಕಾರ.

ಹಕ್ಕಿಗಳಿಗೆ ತೊಂದರೆಯಾಗುತ್ತದೆ, ಕೆರೆಗೆ ಇನ್ನು ದೋಣಿ ಇಳಿಸಬಾರದು ಎಂದು ಸಭೆ ತೀರ್ಮಾನಿಸಿದ್ದು ನಮಗೆ ಗೊತ್ತಾದದ್ದೇ ಕಾವಲುಗಾರ ನನ್ನ ಗಂಡನ ದೋಣಿಯನ್ನು ಎಳೆದುಕೊಂಡು ಹೋದ ಮೇಲೆ. ಕೇಳಿದರೆ, "ಸಭೇಲಿ ನಿಮ್ಮವರು ಯಾರೂ ಬೇಡ ಅನ್ನಲಿಲ್ವಲ್ಲಮ್ಮಾ" ಎಂದಿರಿ. ಅನ್ನುವುದಕ್ಕೆ ನಾವು ಅಲ್ಲಿ ಇರಬೇಕಲ್ಲ ಸ್ವಾಮಿ! ನೀವು ಸಭೆ ಕರೆಯುವುದು ಬೆಳಗ್ಗೆ, ನಾವು ಬಲೆ ಎತ್ತಿ ಮೀನು ಮಾರುವ ಹೊತ್ತಿಗೆ. ಮಧ್ಯಾಹ್ನ ಇಡಿ ಎಂದು ಬಾಯಿ ನೋಯುವಷ್ಟು ಕೇಳಿದೆ. "ಮಧ್ಯಾಹ್ನ ಸೆಕೆಯಮ್ಮಾ, ಬರೋ ದೊಡ್ಡವರಿಗೆ ಕಷ್ಟ" ಎಂದಿರಿ.

ಒಂದೇ ಒಂದು ಸಲ ಮಾರಾಟ ಬಿಟ್ಟು ಬಂದೆ. ಅವತ್ತಿನ ಮೀನು ಬುಟ್ಟಿಯಲ್ಲೇ ಕೆಟ್ಟಿತು. ನೀವು ನನ್ನ ಫೋಟೊ ತೆಗೆಸಿದಿರಿ. ಈಗ ಅದು ಕೆರೆಯ ಗೇಟಿನ ಬೋರ್ಡಿನಲ್ಲಿದೆ, ಪಕ್ಕದಲ್ಲಿ 'ಜನರ ಕೆರೆ, ಜನರದೇ ಕಾವಲು' ಎಂದು ಬರೆಸಿದ್ದೀರಿ. ನನ್ನ ಗಂಡನನ್ನು ತಡೆದು ನಿಲ್ಲಿಸಿದ್ದೂ ಅದೇ ಬೋರ್ಡಿನ ಕೆಳಗೆ. ನಮ್ಮತ್ತೆ ಅದನ್ನು ನೋಡಿದಾಗಲೆಲ್ಲ, "ನಗ್ತಾ ನಿಂತಿದೀಯಲ್ಲೇ!" ಅನ್ನುತ್ತಾರೆ.

ಹಕ್ಕಿಗಳ ಮೇಲೆ ನಮಗೇನೂ ಸಿಟ್ಟಿಲ್ಲ. ಅವು ಮರಿ ಮಾಡುವ ಕಾಲಕ್ಕೆ ನಾವಾಗಿಯೇ ಆ ಕಡೆ ಬಲೆ ಹಾಕುತ್ತಿರಲಿಲ್ಲ. ಕೇಳುವುದು ಇಷ್ಟೇ: ದೋಣಿಯನ್ನು ಬಿಸಿಲಲ್ಲಿ ಮಗುಚಿ ಹಾಕಿದ್ದೀರಿ, ಹಲಗೆ ಬಿರಿಯುತ್ತದೆ, ನೆರಳಿಗೆ ಎಳೆಸಿ.

ಮುಂದಿನ ಸಭೆಯನ್ನೂ ಬೆಳಗ್ಗೆಯೇ ಇಡಿ. ಈಗ ಆ ಹೊತ್ತಿನಲ್ಲಿ ನಮಗೆ ಏನೂ ಕೆಲಸವಿಲ್ಲ. ಎಲ್ಲರೂ ಬರುತ್ತೇವೆ.

ಇಂತಿ,
ಬೋರ್ಡಿನಲ್ಲಿ ನಗುತ್ತಿರುವವಳು